ನಾಸ್ತಿಕನು, ಅಜ್ಞೇಯವಾದಿ, ವಿಶ್ವಾಸಿ

ನಾಸ್ತಿಕನೆಂಬ ಮಾತನ್ನು ನಮ್ಮ ಸಭೆಗಳಲ್ಲಿ ಅನೇಕರು ಹಗುರವಾಗಿ ಆಡುತ್ತಾರೆ. ಆದಕಾರಣ ಅದರ ಅರ್ಥವನ್ನು ನಾವು ಸರಿಯಾಗಿ ತಿಳಿದುಕೊಳ್ಳುವದು ಅವಶ್ಯ.

ನಾಸ್ತಿಕನು ದೇವರು ಇಲ್ಲವೆಂದು ಹೇಳುವವನು. ಆಂಧ್ರದೇಶದ ಗೋರಾ ಎಂಬವರು ಇಂಥವರಾಗಿದ್ದು, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. ಆದರೂ ಅವರು ಅಸ್ಪೃಶ್ಯತೆಗೆ ವಿರೋಧವಾಗಿ ಶ್ರಮಪಟ್ಟು ಸಹಭೋಜನಗಳನ್ನು ನಡಿಸಿದರು. ದೇವರನ್ನು ಅಲ್ಲಗಳೆಯುವವರೆಲ್ಲರೂ ದುರ್ಮಾರ್ಗಿಗಳೆಂದು ನಾವು ತೀರ್ಪುಮಾಡಕೂಡದು.

ಅಜ್ಞೇಯವಾದಿಯು ದೇವರು ಇದ್ದಾನೆಂದೂ ಇಲ್ಲವೆಂದೂ ಹೇಳನು. ಆ ಸಂಗತಿಯು ಮನುಷ್ಯರ ತಿಳುವಳಿಕೆಗೆ ನಿಲುಕದೆನ್ನುವನು. ಈ ಅರ್ಥವುಳ್ಳ ಇಂಗ್ಲಿಷ್ ಪದವನ್ನು 1869ರಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ವಿಜ್ಞಾನಿಯು ಉಂಟುಮಾಡಿದರು. ಸಾಕ್ಷ್ಯವಿಲ್ಲದ್ದನ್ನು ನಿಶ್ಚಯವೆಂದು ಹೇಳಬಾರದೆಂಬದು ಅವರ ನಿಯಮವಾಗಿತ್ತು.

ವಿಶ್ವಾಸಿಯು ಯಾರು? ಒಂದು ಹೊಲವನ್ನು ನೋಡಿ ಒಬ್ಬನು, ಇಲ್ಲಿ ನೀರಿಲ್ಲವೆನ್ನುವನು. ಮತ್ತೊಬ್ಬನು, ತಿಳಿಯುವಂತಿಲ್ಲವೆಂದು ಸುಮ್ಮನಿರುವನು. ಮೂರನೆಯವನು ಬಲ್ಲವನ ಮಾತನ್ನು ನಂಬಿ ಗುದ್ದಲಿ ಹಿಡಿದು ಅಗೆಯುವನು. ದೇವರಿದ್ದಾನೆಂದು ಬಾಯಿಂದ ಹೇಳಿದ ಮಾತ್ರಕ್ಕೆ ಒಬ್ಬನು ವಿಶ್ವಾಸಿಯಾಗನು. ದೆವ್ವಗಳೂ ಅಷ್ಟನ್ನು ಬಲ್ಲವೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಎಚ್ಚರಿಸುತ್ತಾನೆ. ಆತನ ಮೇಲೆ ಭರವಸವಿಟ್ಟು ಅದರಂತೆ ನಡೆಯುವವನೇ ವಿಶ್ವಾಸಿ.

ಸಂದೇಹಪಡುವವನನ್ನು ನಾಸ್ತಿಕನೆಂದು ಎಣಿಸಬಾರದು. ಪಟ್ಟಣದಲ್ಲಿ ಓದಿಬಂದ ಯೌವನಸ್ಥನು, ದೇವರಿರುವದು ನಮಗೆ ಹೇಗೆ ಗೊತ್ತೆಂದು ಕೇಳಿದ ಕೂಡಲೆ ಹಿರಿಯರು ಅವನನ್ನು ಗದರಿಸಿದರೆ, ಅವನು ಆರಾಧನೆಯನ್ನೇ ಬಿಟ್ಟುಬಿಟ್ಟಾನು. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ, ವ್ಯಾಧಿಗ್ರಸ್ತನಾದ ಮಗನ ತಂದೆಯು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಟ್ಟಿಗೆ ಅರಿಕೆಮಾಡಿದಾಗ, ಕರ್ತನು ಅವನನ್ನು ತಳ್ಳಿಬಿಡದೆ ಮಗನನ್ನು ಸ್ವಸ್ಥಮಾಡಿದನು. ತೋಮನು ಸಂದೇಹಪಟ್ಟಾಗ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನಗಳಾದ ಮೇಲೆ ಅವನೂ ಅವರ ಸಂಗಡ ಮನೆಯೊಳಗಿದ್ದನು. ಅಲ್ಲಿಯೇ ಕರ್ತನನ್ನು ಕಂಡನು.

ನಾಸ್ತಿಕರೆಂಬ ನಿಂದೆಯು ಒಂದು ಕಾಲದಲ್ಲಿ ಕ್ರೈಸ್ತರ ಮೇಲೆಯೇ ಇತ್ತೆಂಬದನ್ನು ಮರೆಯದಿರೋಣ. ರೋಮ್ ಸಾಮ್ರಾಜ್ಯದ ದೇವತೆಗಳನ್ನು ಪೂಜಿಸಲೊಲ್ಲದ ಕಾರಣ, 2ನೆಯ ಶತಮಾನದಲ್ಲಿ ಸ್ಮುರ್ನ ಪಟ್ಟಣದ ಜನಸಮೂಹವು ಕ್ರೈಸ್ತರನ್ನು ನಾಸ್ತಿಕರೆಂದು ಕೂಗಿ ನಿಂದಿಸಿತು. ಅಲ್ಲಿಯ ಸಭಾಧ್ಯಕ್ಷನಾದ ವೃದ್ಧ ಪೊಲಿಕಾರ್ಪನು ಕೊಲ್ಲಲ್ಪಟ್ಟನು.

ಆದದರಿಂದ ಯಾರಿಗಾದರೂ ಹೆಸರಿಡುವದಕ್ಕೆ ಮೊದಲು ಅವರನ್ನು ಹತ್ತಿರ ಕೂಡ್ರಿಸಿಕೊಂಡು, ಅವರ ಪ್ರಶ್ನೆಯನ್ನು ಕೊನೆಯ ವರೆಗೆ ತಾಳ್ಮೆಯಿಂದ ಕೇಳೋಣ. ಉತ್ತರವು ನಮಗೆ ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಂಡು, ಅವರ ಸಂಗಡಲೇ ಸತ್ಯವೇದವನ್ನು ತೆರೆದು ಶೋಧಿಸೋಣ. ಬಾಗಿಲನ್ನು ಮಾತ್ರ ಮುಚ್ಚದಿರೋಣ.