ನಾಲ್ಕು ಊರಿನ ಪಿನ್‌ಕೋಡ್ ಒಡೆಯೋಣ

ಹುಣಸೂರು 571105, ಪಿರಿಯಾಪಟ್ಟಣ 571107, ಎಚ್.ಡಿ. ಕೋಟೆ 571114, ಕೆ.ಆರ್. ನಗರ 571602. ಪಾರ್ಸೆಲ್ ತರಿಸುವಾಗ ಬಿಟ್ಟರೆ ಈ ನಂಬರ್‌ಗಳ ಕಡೆ ನಾವು ತಿರುಗಿಯೂ ನೋಡಲ್ಲ. 1972ರ ಆಗಸ್ಟ್ 15ಕ್ಕೆ ಶುರುವಾದ ಪಿನ್‌ಕೋಡ್ ಇರೋದು ಅಂಚೆ ವಿಂಗಡಿಸೋಕೆ. ಇವತ್ತು ವಿಳಾಸ ಮರೆತು, ಇವನ್ನು ಬರೀ ಆರಂಕಿಯ ಪೂರ್ಣ ಸಂಖ್ಯೆಗಳು ಅಂದುಕೊಳ್ಳೋಣ.

ಮೊದಲು ಚಿಕ್ಕದು. ನಾಲ್ಕೂ ಶುರುವಾಗೋದು 571ರಿಂದ. 571 ಅವಿಭಾಜ್ಯ ಸಂಖ್ಯೆನಾ, ಅಂದರೆ ಪ್ರೈಮಾ? 570ರವರೆಗೂ ಭಾಗಿಸಬೇಕಿಲ್ಲ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾದರೆ, ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರೋಕೆ ಆಗಲ್ಲ. 24ರ ವರ್ಗ 576. ಹಾಗಾಗಿ 2, 3, 5, 7, 11, 13, 17, 19, 23 ನೋಡಿದರೆ ಸಾಕು. ಯಾವುದೂ ಭಾಗಿಸಲ್ಲ. 571 ಅವಿಭಾಜ್ಯ.

ಈಗ ಪೂರ್ತಿ ಪಿನ್‌ಗಳು:

571105 = 5 × 114221
571107 = 3 × 190369
571114 = 2 × 285557
571602 = 2 × 3 × 95267

5, 3, 2 ಹೊರಗೆ ತೆಗೆಯೋದು ಸುಲಭ. ಕೊನೇ ಅಂಕಿ ನೋಡಿ, ಇಲ್ಲವೇ ಅಂಕಿಗಳನ್ನು ಕೂಡಿ, ಮುಗೀತು. ಉಳಿದ ದೊಡ್ಡ ಸಂಖ್ಯೆಗಳ ಕಥೆಯೇ ಬೇರೆ. ಪರೀಕ್ಷೆಯಲ್ಲಾದರೆ 7, 11, 13 ನೋಡಿ "ಪ್ರೈಮ್" ಅಂತ ಬರೆದುಬಿಡ್ತೀವಿ. ಅದು ಊಹೆ, ಸಾಧನೆ ಅಲ್ಲ.

ಎಚ್.ಡಿ. ಕೋಟೆಯ 285557 ತಗೊಳ್ಳಿ. ವರ್ಗಮೂಲ ಸುಮಾರು 534. ಅಲ್ಲಿವರೆಗೆ 99 ಅವಿಭಾಜ್ಯಗಳಿವೆ, ಒಂದೊಂದನ್ನೂ ನೋಡಬೇಕು. 98 ಆಯ್ತು, ಯಾವುದೂ ಭಾಗಿಸಲಿಲ್ಲ. ಕೊನೆಯದು 523. 523 × 546 = 285558. ಒಂದೇ ಒಂದು ಹೆಚ್ಚು! ಅಲ್ಲಿಗೆ 285557 ಅವಿಭಾಜ್ಯ ಅಂತ ಖಚಿತ. ಹೀಗೇ ನೋಡಿದರೆ ಉಳಿದ ಮೂರೂ ದೊಡ್ಡ ಸಂಖ್ಯೆಗಳು ಅವಿಭಾಜ್ಯಗಳೇ.

ಗಮನಿಸಿ, "ಭಾಗ ಹೋಗುತ್ತೆ" ಅನ್ನೋಕೆ ಒಂದು ಭಾಜಕ ಸಾಕು. "ಹೋಗಲ್ಲ" ಅನ್ನೋಕೆ ಮಾತ್ರ ಈ ದಾರಿಯಲ್ಲಿ 99 ಸಲ ಕೆಲಸ.

ಇದರಿಂದ ಏನುಪಯೋಗ ಅಂತೀರಾ? 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಮಾಡಿದ ಆರ್‌ಎಸ್‌ಎ ಗೂಢಲಿಪಿ ನಿಂತಿರೋದೇ ಒಡೆಯೋ ಕಷ್ಟದ ಮೇಲೆ. ನಮ್ಮ ಪಿನ್‌ಗಳಲ್ಲಿ ಚಿಕ್ಕ ಭಾಜಕ ಇದ್ದದ್ದಕ್ಕೆ ಬೇಗ ಒಡೆದವು. ಆರ್‌ಎಸ್‌ಎಯಲ್ಲಿ ಎರಡೂ ಅವಿಭಾಜ್ಯಗಳು ದೈತ್ಯ. 2048 ಬಿಟ್ಟಿನ ಕೀಲಿ ಅಂದರೆ 617 ಅಂಕಿಯ ಸಂಖ್ಯೆ. ಅಲ್ಲಿ ಒಂದೊಂದಾಗಿ ಭಾಗಿಸ್ತಾ ಕೂತರೆ ಯಾವ ಕಂಪ್ಯೂಟರಿಗೂ ಮುಗಿಯಲ್ಲ.

ಈಗ ನಿಮ್ಮೂರಿನ ಪಿನ್ ತಗೊಂಡು ಒಡೆದು ನೋಡಿ. ಆರಂಕಿಯ ಸಂಖ್ಯೆಗೆ ಎಷ್ಟೇ ಅಂದರೂ 997ರವರೆಗಿನ 168 ಅವಿಭಾಜ್ಯಗಳು ಸಾಕು. ಒಡೆಯದೇ ಇರೋ ಪಿನ್ ಸಿಕ್ಕಿದರೆ ಕನ್ನಡ ಸಂಘದ ಬೋರ್ಡ್ ಮೇಲೆ ಊರಿನ ಹೆಸರು ಸಮೇತ ಬರೀರಿ.