ಒಂದು ಹನಿ ರಕ್ತ ಹೇಳುವ ಸಂಗತಿ

ಬೆರಳಿಗೆ ಮುಳ್ಳು ಚುಚ್ಚಿದಾಗ ಹೊರಬರುವ ರಕ್ತವನ್ನು ನಾವು ಬರಿಯ ಕೆಂಪು ನೀರೆಂದು ತಿಳಿಯುತ್ತೇವೆ. ಆದರೆ ಅದು ತಿಳಿಹಳದಿ ಬಣ್ಣದ ಪ್ಲಾಸ್ಮಾ ಎಂಬ ದ್ರವದಲ್ಲಿ ತೇಲುವ ಅಸಂಖ್ಯಾತ ಕಣಗಳ ಸಮೂಹ. ಇವುಗಳಲ್ಲಿ ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಎಂದು ಮೂರು ಬಗೆ. 1674ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯು ತಾನೇ ತಯಾರಿಸಿದ ಮಸೂರದಿಂದ ಕೆಂಪು ಕಣಗಳನ್ನು ನೋಡಿ ವರ್ಣಿಸಿದನು. ನಾವು ಇಲ್ಲಿ ಕೆಂಪು ಕಣಗಳ ಪರೀಕ್ಷೆಯನ್ನು ಮಾತ್ರ ತಿಳಿಯೋಣ.

ಕೆಂಪು ಕಣವು ಎರಡೂ ಬದಿಯಲ್ಲಿ ನಡುವೆ ಬೆರಳಿನಿಂದ ಒತ್ತಿದ ಬಿಲ್ಲೆಯಂತಿದೆ. ಅದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕಣಗಳಿರುತ್ತವೆ. ಎಲುಬಿನ ಮಜ್ಜೆಯಲ್ಲಿ ಹುಟ್ಟಿ ಸುಮಾರು 120 ದಿನ ಬದುಕುತ್ತವೆ. ಅವುಗಳೊಳಗಿರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ಪದಾರ್ಥವೇ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುತ್ತದೆ. ಇದು ಕಡಮೆಯಾದರೆ ರಕ್ತಹೀನತೆ. ಆಗ ಮುಖ ಬಿಳಿಚುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ.

ಪ್ರಯೋಗಶಾಲೆಯಲ್ಲಿ ಮೊದಲು ಅಳೆಯುವುದು ಹಿಮೋಗ್ಲೋಬಿನನ್ನು. ಸಾಹ್ಲಿ ವಿಧಾನದಲ್ಲಿ ಅಳತೆಯ ರಕ್ತವನ್ನು ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬೆರೆಸುತ್ತಾರೆ. ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಮಾದರಿ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಭಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಸೇರಿಸಿ, ಕೊಳವೆಯ ಮೇಲಿನ ಗುರುತನ್ನು ಓದುತ್ತಾರೆ. ದೊಡ್ಡ ಪ್ರಯೋಗಶಾಲೆಗಳಲ್ಲಿ ಈಗ ಯಂತ್ರವೇ ಈ ಕೆಲಸ ಮಾಡುತ್ತದೆ. 12ರಿಂದ 14 ವರ್ಷದ ಮಕ್ಕಳಲ್ಲಿ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಮಿಗಿಂತ ಕಡಮೆಯಿದ್ದರೆ ರಕ್ತಹೀನತೆಯೆಂದು ಎಣಿಸುತ್ತಾರೆ.

ಆದರೆ ಅಂಕಿಯು ಕೊರತೆಯನ್ನು ಹೇಳೀತೇ ಹೊರತು ಕಾರಣವನ್ನು ಹೇಳಲಾರದು. ಅದಕ್ಕಾಗಿ ರಕ್ತಲೇಪವನ್ನು ನೋಡಬೇಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವಿಟ್ಟು, ಇನ್ನೊಂದು ಪಟ್ಟಿಯನ್ನು ಓರೆಯಾಗಿ ಹಿಡಿದು ತೆಳ್ಳಗೆ ಎಳೆಯುತ್ತಾರೆ. ಒಣಗಿದ ಮೇಲೆ ಲೀಶ್‌ಮನ್ ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ದೊಡ್ಡದಾಗಿಸಿ ನೋಡುತ್ತಾರೆ. ಕಬ್ಬಿಣದ ಕೊರತೆಯಲ್ಲಿ ಕಣಗಳು ಚಿಕ್ಕವಾಗಿ, ನಡುಭಾಗ ಹೆಚ್ಚು ಬಿಳಿಚಿ ಕಾಣುತ್ತವೆ. ಬಿ12 ಅಥವಾ ಫೋಲಿಕ್ ಆಮ್ಲ ಸಾಲದಿದ್ದರೆ ದೊಡ್ಡವಾಗುತ್ತವೆ. ಮಲೇರಿಯಾ ಇದ್ದರೆ ಕಣದೊಳಗೇ ಪರೋಪಜೀವಿ ಕಾಣಸಿಗುತ್ತದೆ.

ಇನ್ನೊಂದು ಬಗೆಯ ಕಣ ಕುಡುಗೋಲಿನಂತೆ ಬಾಗಿರುತ್ತದೆ. ಷಿಕಾಗೋದ ವೈದ್ಯ ಹೆರಿಕ್ 1910ರಲ್ಲಿ ಇದನ್ನು ವರದಿ ಮಾಡಿದನು. ನಮ್ಮ ದೇಶದಲ್ಲಿ ಇದು 1952ರಲ್ಲಿ ನೀಲಗಿರಿಯ ಬೆಟ್ಟದ ಜನರಲ್ಲಿ ಕಂಡುಬಂತು. ವಯನಾಡಿನ ಬುಡಕಟ್ಟು ಕುಟುಂಬಗಳಲ್ಲಿಯೂ ಇದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು, ಎದೆಗಳಲ್ಲಿ ಸಹಿಸಲಾಗದ ನೋವು ತರುತ್ತವೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ; ತಂದೆತಾಯಿಗಳಿಂದ ಬರುವ ಆನುವಂಶಿಕ ದೋಷ. ಒಬ್ಬರಿಂದ ಮಾತ್ರ ಬಂದರೆ ಅಂಥವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅವರ ಲೇಪದಲ್ಲಿಯೂ ವ್ಯತ್ಯಾಸ ಕಾಣದಿರಬಹುದು. ಆದುದರಿಂದ ಬೇರೆ ರಕ್ತಪರೀಕ್ಷೆ ಬೇಕಾಗುತ್ತದೆ. ಇಂಥ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. 2023ರಲ್ಲಿ ಕೇಂದ್ರ ಸರಕಾರ ಇದರ ನಿರ್ಮೂಲನಕ್ಕಾಗಿ ತಪಾಸಣೆಯ ಯೋಜನೆಯನ್ನು ಆರಂಭಿಸಿತು.

ಬಿಳಿಚಿದ ಮುಖಗಳು ಒಂದೇ ತೆರನಾಗಿ ಕಂಡರೂ ಕಾರಣ ಬೇರೆ, ಮದ್ದೂ ಬೇರೆ. ಕಬ್ಬಿಣ ಸಾಲದ ಹುಡುಗಿಗೆ ಕಬ್ಬಿಣದ ಮಾತ್ರೆ, ನುಗ್ಗೆ ಮತ್ತು ಹರಿವೆ ಸೊಪ್ಪು, ಊಟದೊಡನೆ ನಿಂಬೆರಸ ಹಿತ. ಊಟವಾದ ಕೂಡಲೇ ಚಹಾ ಬೇಡ. ಕೊಕ್ಕೆಹುಳು ರಕ್ತ ಹೀರುತ್ತಿದ್ದರೆ ಹುಳುವಿನ ಮದ್ದೂ ಕಾಲಿಗೆ ಚಪ್ಪಲಿಯೂ ಬೇಕು. ಕುಡುಗೋಲು ಕಣದ ರೋಗಿಯಂತೂ ವೈದ್ಯರು ಹೇಳದೆ ಕಬ್ಬಿಣದ ಮಾತ್ರೆ ನುಂಗಬಾರದು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಸದಾ ದಣಿಯುವ ಮಗುವನ್ನು ಸೋಮಾರಿಯೆಂದು ಗದರಿಸಬೇಡಿ. ದೃಷ್ಟಿ ತಾಗಿತೆಂದು ಸುಮ್ಮನಿರಲೂ ಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿರಿ. ವಿದ್ಯಾರ್ಥಿಗಳೇ, ಸೂಜಿಗೆ ಹೆದರದಿರಿ. ಅದರ ನೋವು ಒಂದು ಕ್ಷಣದ್ದು. ಅದರಿಂದ ದೊರೆಯುವ ತಿಳಿವಳಿಕೆ ಬಾಳಿಗೆಲ್ಲ ಉಪಯೋಗಕ್ಕೆ ಬರುವಂಥದು.