ಹಳೇ ಕಲ್ಲಿಗೆ ಹೊಸ ಹೆಪ್ಪು: ಸೆಕೆಂಡ್ ಹ್ಯಾಂಡ್ ಲೈವ್ ರಾಕ್ ತಯಾರಿ

ದಾವಣಗೆರೆಯವರು ಸಮುದ್ರ ನೋಡಬೇಕು ಅಂದ್ರೆ ಘಟ್ಟ ಇಳಿಯಬೇಕು. ಆದ್ರೂ ನಮ್ಮ ಮನೆ ಹಾಲ್‌ನಲ್ಲಿ ಒಂದು ಸಮುದ್ರ ಇದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ನೀರು ಸುಮಾರು 50 ಲೀಟರ್. ಇವತ್ತು ಅದು ಚೆನ್ನಾಗಿ ನಡೀತಿದೆ. ಮೊದಲ ಸಲ ಹಾಗಿರಲಿಲ್ಲ. ತಂದ ಎರಡು ಕ್ಲೌನ್ ಫಿಶ್ ಐದನೇ ದಿನಕ್ಕೆ ತೇಲಿದವು.

ತಪ್ಪು ನನ್ನದೇ. ಹರಿಹರದಲ್ಲಿ ಒಬ್ಬ ಅಣ್ಣ ತಮ್ಮ ಉಪ್ಪುನೀರಿನ ಟ್ಯಾಂಕ್ ಬಿಚ್ಚುತ್ತಿದ್ದರು. ಅವರ ಹತ್ತಿರ ಎಂಟು ಕೆಜಿ ಲೈವ್ ರಾಕ್ ಅಗ್ಗಕ್ಕೆ ಸಿಕ್ಕಿತು. ಮನೆಗೆ ತಂದವನೇ ನಲ್ಲಿ ಕೆಳಗೆ ಹಿಡಿದು, ಬ್ರಷ್ ಹಾಕಿ ಫಳಫಳ ಅನ್ನೋ ಹಾಗೆ ತೊಳೆದೆ. ಮರುದಿನವೇ ಮೀನು ಬಿಟ್ಟೆ. ಆಮೇಲೆ ನಡೆದದ್ದನ್ನು ಕೇಳಿ ಅಮ್ಮ ಒಂದೇ ಮಾತು ಹೇಳಿದರು: "ಕುದಿಯೋ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರು ಆಗ್ತದೇನಪಾ?"

ಈ ಪಾಠದ ಸಾರ ಅಷ್ಟೇ. ಉಳಿದದ್ದು ವಿವರ.

ಲೈವ್ ರಾಕ್‌ನಲ್ಲಿ ಲೈವ್ ಯಾವುದು?

ಕಲ್ಲಿಗೆ ಜೀವ ಇಲ್ಲ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತಿರೋ ಬ್ಯಾಕ್ಟೀರಿಯಾಕ್ಕೆ ಜೀವ ಇದೆ. ಮೀನಿನ ಕಿವಿರಿನಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಇವೆರಡಕ್ಕೂ ಆಮ್ಲಜನಕ ಬೇಕು, ಹಾಗಾಗಿ ಕಲ್ಲಿನ ಹೊರಪದರದಲ್ಲಿ ಇರುತ್ತವೆ. ಆಮ್ಲಜನಕ ತಲುಪದ ಒಳಭಾಗದಲ್ಲಿ ಮೂರನೇ ಗುಂಪು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಟ್ಟುಬಿಡುತ್ತೆ. ಅಂದ್ರೆ ನೀವು ಕೊಳ್ಳೋದು ಅಲಂಕಾರದ ಕಲ್ಲಲ್ಲ, ಒಂದು ಫಿಲ್ಟರ್.

ರೀಫ್ ಟ್ಯಾಂಕಿಗೆ ಇದು ಯಾಕೆ ಇಷ್ಟು ಮುಖ್ಯ? ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತೆ. ಅಮೋನಿಯಂ ಅಯಾನಿನಿಂದ ಮೀನಿಗೆ ಅಷ್ಟು ತೊಂದರೆ ಇಲ್ಲ, ಮುಕ್ತ ಅಮೋನಿಯಾ ವಿಷ. 25 ಡಿಗ್ರಿಯಲ್ಲಿ ಪಿಕೆಎ ಸುಮಾರು 9.25 ಅಂತ ಹಿಡಿದು ಲೆಕ್ಕ ಹಾಕಿ: ಪಿಎಚ್ 7 ಇದ್ದಾಗ ವಿಷದ ಪಾಲು ನೂರಕ್ಕೆ 0.6ರಷ್ಟು, ಪಿಎಚ್ 8.2 ಇದ್ದಾಗ ನೂರಕ್ಕೆ 8ರಷ್ಟು. ಉಪ್ಪುನೀರಲ್ಲಿ ಇದು ಸ್ವಲ್ಪ ಕಡಿಮೆಯಾಗುತ್ತೆ, ಆದ್ರೂ ಹತ್ತು ಪಟ್ಟಿಗಿಂತ ಹೆಚ್ಚು. ಸಿಹಿನೀರಿನ ಟ್ಯಾಂಕಲ್ಲಿ ದಕ್ಕಿಸಿಕೊಳ್ಳೋ ತಪ್ಪು ಇಲ್ಲಿ ಸಾವು.

ಕೊಳ್ಳೋ ಮೊದಲು ಮೂರು ಪ್ರಶ್ನೆ

ಮೊದಲನೇದು: ಈ ಕಲ್ಲು ಎಲ್ಲಿಂದ ಬಂತು? ಸಮುದ್ರದಿಂದ ತೆಗೆದ ಲೈವ್ ರಾಕ್ ಅಂದ್ರೆ ಹೆಚ್ಚಾಗಿ ಸತ್ತ ಹವಳದ ಅಸ್ಥಿಪಂಜರ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ಕ್ಕೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಗಿದೆ. ಹುಲಿಗೆ ಇರೋ ರಕ್ಷಣೆಯೇ ಅದಕ್ಕೂ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ನೋಡೋಕೆ ಜನ ಸ್ಕೂಬಾ ಹೋಗ್ತಾರೆ. ನೋಡಿ ಬನ್ನಿ, ಒಂದು ತುಂಡೂ ತರಬೇಡಿ. "ಬೀಚಲ್ಲಿ ಸಿಕ್ತು", "ರಾಮೇಶ್ವರದ ಕಡೆಯಿಂದ ತರಿಸಿದ್ದು" ಅಂತ ಮಾರೋರು ಹೇಳಿದರೆ ಕೈ ಮುಗಿದು ಎದ್ದು ಬನ್ನಿ. ನಾನು ತಂದದ್ದು ಸಿಮೆಂಟು, ಮರಳು ಕಲಸಿ ಮಾಡಿದ ಕೃತಕ ಕಲ್ಲು, ಎರಡು ವರ್ಷ ಟ್ಯಾಂಕಲ್ಲಿ ಇದ್ದದ್ದು. ಸೆರಾಮಿಕ್ ಕಲ್ಲೂ ಸಿಗುತ್ತೆ. ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ರಂಧ್ರ, ಹವಳವೇ ಆಗಬೇಕು ಅಂತಿಲ್ಲ.

ಎರಡನೇದು: ಆ ಟ್ಯಾಂಕಿಗೆ ಯಾವತ್ತಾದರೂ ತಾಮ್ರದ ಔಷಧಿ ಹಾಕಿದ್ರಾ? ಮೀನಿನ ಮೈಮೇಲೆ ಬಿಳಿಚುಕ್ಕೆ ರೋಗ ಬಂದಾಗ ಕೆಲವರು ಹಾಕ್ತಾರೆ. ಇಂಥ ಕಲ್ಲು ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತೆ. ಮೀನು ತಡ್ಕೊಂಡರೂ ಸೀಗಡಿ, ಬಸವನಹುಳ ತಡ್ಕೊಳ್ಳಲ್ಲ. "ಹೌದು" ಅಂದ್ರೆ ಬಿಟ್ಟುಬಿಡಿ.

ಮೂರನೇದು: ಕಲ್ಲು ಈಗ ಒದ್ದೆ ಇದೆಯೋ, ಒಣಗಿದೆಯೋ? ಮುಂದಿನ ದಾರಿ ಇದರ ಮೇಲೆ. ಮೂಗಿಗೂ ಕೆಲಸ ಕೊಡಿ. ಸಮುದ್ರದ ವಾಸನೆ ಬಂದರೆ ಒಳ್ಳೇದು. ಕೊಳೆತ ಮೊಟ್ಟೆ ವಾಸನೆ ಬಂದರೆ ಒಳಗೆ ಏನೋ ಸತ್ತು ಕೊಳೀತಿದೆ.

ಒದ್ದೆ ಕಲ್ಲು: ಜೀವ ಉಳಿಸೋ ದಾರಿ

ಹರಿಹರದಿಂದ ದಾವಣಗೆರೆಗೆ ಬಸ್ಸಲ್ಲಿ ಅರ್ಧ ಮುಕ್ಕಾಲು ಗಂಟೆ. ಆ ದಾರಿಯಲ್ಲಿ ಕಲ್ಲು ಒಣಗಬಾರದು. ಹಳೇ ಟ್ಯಾಂಕಿನ ನೀರಲ್ಲೇ ನ್ಯೂಸ್‌ಪೇಪರ್ ನೆನೆಸಿ, ಕಲ್ಲಿಗೆ ಸುತ್ತಿ, ಮುಚ್ಚಳ ಇರೋ ಬಕೆಟ್‌ನಲ್ಲಿ ತನ್ನಿ. ಬಿಸಿಲಲ್ಲಿ ಇಡಬೇಡಿ.

ಮನೆಗೆ ಬಂದ ಮೇಲೆ ಕ್ರಮ ಹೀಗೆ:

1. ಬೇರೆ ಟಬ್ಬಲ್ಲಿ ಉಪ್ಪುನೀರು ಮೊದಲೇ ರೆಡಿ ಇರಲಿ. ಲೀಟರಿಗೆ 35 ಗ್ರಾಂ ಲೆಕ್ಕ, ಸಾಪೇಕ್ಷ ಸಾಂದ್ರತೆ 1.025. ಅಡುಗೆ ಉಪ್ಪು ನಡೆಯಲ್ಲ, ಅಕ್ವೇರಿಯಂನವರ ಸಮುದ್ರ ಉಪ್ಪೇ ಬೇಕು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುತ್ತೆ.

2. ಇನ್ನೊಂದು ಬಕೆಟ್ ಉಪ್ಪುನೀರಲ್ಲಿ ಕಲ್ಲನ್ನು ಅದ್ದಿ ಅಲುಗಾಡಿಸಿ. ಸಡಿಲ ಕಸ ಉದುರುತ್ತೆ. ಸತ್ತು ಬೆಳ್ಳಗಾದ ಸ್ಪಂಜು, ಕೊಳೆತ ಪಾಚಿ ಇದ್ದರೆ ಹಳೇ ಟೂತ್‌ಬ್ರಷ್‌ನಲ್ಲಿ ಅಷ್ಟನ್ನೇ ತೆಗೀರಿ. ನಲ್ಲಿ ನೀರು ಬೇಡ, ಅದರ ಕ್ಲೋರಿನ್ನೇ ನನ್ನ ಮೀನುಗಳ ಕಥೆ ಮುಗಿಸಿದ್ದು.

3. ಕಲ್ಲನ್ನು ಟಬ್ಬಿಗೆ ಇಟ್ಟು ಪಂಪ್ ಹಾಕಿ. ನೀರು ಎಲ್ಲಾ ಮಗ್ಗುಲಿಗೂ ಹರೀಬೇಕು. ಲೈಟ್ ಬೇಡ, ಕತ್ತಲಲ್ಲಿ ಪಾಚಿ ಬೆಳೆಯಲ್ಲ, ಬ್ಯಾಕ್ಟೀರಿಯಾಕ್ಕೆ ಬೆಳಕಿನ ಹಂಗಿಲ್ಲ. ತಾಪ 25ರಿಂದ 27 ಡಿಗ್ರಿ.

4. ಎರಡು ಮೂರು ದಿನಕ್ಕೊಮ್ಮೆ ಅಮೋನಿಯಾ ಟೆಸ್ಟ್ ಮಾಡಿ ಬರೆದಿಡಿ. ಸತ್ತ ಜೀವಿಗಳು ಕೊಳೆಯೋದ್ರಿಂದ ಮೊದಲು ಏರುತ್ತೆ, ಆಮೇಲೆ ಇಳಿಯುತ್ತೆ. ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತೆ. ವಾಸನೆ ಹೆಚ್ಚಾದರೆ ಅರ್ಧ ನೀರು ಬದಲಿಸಿ.

ಇದಕ್ಕೆ ಎರಡು ವಾರವೂ ಸಾಕಾಗಬಹುದು, ಆರು ವಾರವೂ ಬೇಕಾಗಬಹುದು. ಯಾಕಿಷ್ಟು ನಿಧಾನ ಅಂದ್ರೆ, ಇ. ಕೋಲೈ ಬ್ಯಾಕ್ಟೀರಿಯಾ ಒಳ್ಳೇ ಸ್ಥಿತಿಯಲ್ಲಿ 20 ನಿಮಿಷಕ್ಕೆ ಎರಡರಷ್ಟಾಗುತ್ತೆ. ಅಮೋನಿಯಾ ತಿನ್ನೋವಕ್ಕೆ ಅದೇ ಕೆಲಸಕ್ಕೆ ಎಂಟು ಗಂಟೆ, ಕೆಲವು ಸಲ ಇಡೀ ದಿನ. ಇದನ್ನು ಅವಸರ ಮಾಡಿಸೋಕೆ ಆಗಲ್ಲ.

ಒಣಗಿದ ಕಲ್ಲು: ಮೊದಲಿಂದ ಶುರು

ತಿಂಗಳುಗಟ್ಟಲೆ ಒಣಗಿದ ಕಲ್ಲಲ್ಲಿ ಉಳಿಸೋ ಜೀವ ಅಂತ ಹೆಚ್ಚೇನಿಲ್ಲ. ಇಲ್ಲಿ ಧೈರ್ಯವಾಗಿ ಉಜ್ಜಿ. ಗ್ಲೌಸು, ಕನ್ನಡಕ ಹಾಕ್ಕೊಂಡು ಮನೆ ಹೊರಗೆ, ಸುವಾಸನೆ ಇಲ್ಲದ ಸಾದಾ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು ಸೇರಿಸಿ ಒಂದು ದಿನ ನೆನೆಹಾಕಿ. ಒಳಗಿನ ಸತ್ತ ಕಸವೆಲ್ಲ ಕರಗುತ್ತೆ. ಚೆನ್ನಾಗಿ ತೊಳೆದು, ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಲ್ಲಿ ಮುಳುಗಿಸಿ ಉಳಿದ ಕ್ಲೋರಿನ್ ತೆಗೆಯಿರಿ. ಆಮೇಲೆ ಒಂದು ವಾರ ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮೂರಲ್ಲಿ ಬರ ಇಲ್ಲ. ಬ್ಲೀಚ್ ವಾಸನೆ ಪೂರ್ತಿ ಹೋಗಿರಬೇಕು. ಬ್ಲೀಚ್ ಇರೋ ಬಕೆಟ್ ಹತ್ತಿರ ಬಾತ್‌ರೂಮ್ ಆಸಿಡ್ ತರಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ.

ಹಳೇ ಕಲ್ಲಿನ ಇನ್ನೊಂದು ಸಾಲ ಫಾಸ್ಫೇಟ್. ವರ್ಷಗಟ್ಟಲೆ ಮೀನಿನ ಆಹಾರದಿಂದ ಬಂದದ್ದು ಕಲ್ಲಿಗೆ ಅಂಟಿಕೊಂಡಿರುತ್ತೆ. ನೀರು ಬದಲಿಸಿದ ದಿನ ಟೆಸ್ಟ್ ಮಾಡಿದರೆ ಸೊನ್ನೆ ತೋರಿಸುತ್ತೆ, ವಾರ ಬಿಟ್ಟು ನೋಡಿದರೆ ಮತ್ತೆ ಏರಿರುತ್ತೆ. ಕಲ್ಲು ಮತ್ತು ನೀರಿನ ಸಮತೋಲನದ ಆಟ ಇದು. ಅದಕ್ಕೇ ಒಂದೇ ಓದನ್ನು ನಂಬಬೇಡಿ. ನೀರು ಬದಲಿಸಿ, ವಾರ ಕಾದು, ಮತ್ತೆ ಅಳೆಯಿರಿ. ಹೀಗೆ ಬಿಟ್ಟರೆ ಆಮೇಲೆ ಟ್ಯಾಂಕ್ ತುಂಬ ಪಾಚಿ.

ಈಗ ಹೆಪ್ಪು. ಚೆನ್ನಾಗಿ ನಡೀತಿರೋ ಟ್ಯಾಂಕಿಂದ ಒಂದು ಮುಷ್ಟಿಯಷ್ಟು ಒದ್ದೆ ಕಲ್ಲು ಅಥವಾ ಒಂದು ಲೋಟ ಮರಳು ತಂದು ಈ ಒಣಕಲ್ಲುಗಳ ಜೊತೆ ಇಡಿ. ಬಾಟಲಿ ಬ್ಯಾಕ್ಟೀರಿಯಾವೂ ಆಗುತ್ತೆ. ತಿನ್ನೋಕೆ ಸ್ವಲ್ಪ ಅಮೋನಿಯಾ ಕೊಡಿ. ಒಂದು ಚಮಚ ಹೆಪ್ಪು ಇಡೀ ಪಾತ್ರೆ ಹಾಲನ್ನು ಮೊಸರು ಮಾಡಲ್ವಾ, ಹಾಗೇ. ಆದ್ರೆ ಇದು ರಾತ್ರಿ ಬೆಳಗಾಗೋದ್ರೊಳಗೆ ಆಗಲ್ಲ, ನಾಲ್ಕರಿಂದ ಎಂಟು ವಾರ.

ಯಾವ ಕಾರಣಕ್ಕೂ ಕುದಿಸಬೇಡಿ

"ಕ್ರಿಮಿ ಸಾಯ್ಲಿ ಅಂತ ಕುದಿಸ್ಬಿಡ್ತೀನಿ" ಅಂತ ನನ್ನ ಗೆಳೆಯನೊಬ್ಬ ಹೊರಟಿದ್ದ. ಝೋವಾಂಥಿಡ್ ಅನ್ನೋ ಹೂವಿನಂಥ ಜೀವಿಗಳು ಹಳೇ ಕಲ್ಲಿಗೆ ಅಂಟಿರಬಹುದು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ. ಕುದಿಸಿದರೆ ಆ ವಿಷ ಹಬೆ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಒಂದು ಮನೆಯವರು ಅಕ್ವೇರಿಯಂ ಕ್ಲೀನ್ ಮಾಡುವಾಗ ಈ ವಿಷ ಹರಡಿ, ಮನೆಮಂದಿ ಜೊತೆಗೆ ನೆರವಿಗೆ ಬಂದ ಅಗ್ನಿಶಾಮಕದವರೂ ಆಸ್ಪತ್ರೆ ಸೇರಬೇಕಾಯ್ತು. ಅಡುಗೆಮನೆಯ ಪಾತ್ರೆ, ಮೈಕ್ರೋವೇವ್, ಪ್ರೆಷರ್ ವಾಷರ್ ಯಾವುದೂ ಬೇಡ. ಕೈಯಲ್ಲಿ ಗಾಯ ಇದ್ದಾಗ ಕಲ್ಲು ಮುಟ್ಟಲೂ ಬೇಡಿ.

ನಮ್ಮೂರಿನ ನೀರು, ಬಿಸಿಲು, ಕರೆಂಟು

ದಾವಣಗೆರೆಗೆ ಕುಡಿಯೋ ನೀರು ಬರೋದು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯಿಂದ, ಮತ್ತೆ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದ. ಶುದ್ಧ ಮಾಡುವಾಗ ಕ್ಲೋರಿನ್ ಹಾಕ್ತಾರೆ. ಬೋರ್‌ವೆಲ್ ಆದ್ರೆ ಗಡಸು. ಎರಡನ್ನೂ ನೇರ ಬಳಸದೆ ಆರ್‌ಓ ನೀರಲ್ಲೇ ಉಪ್ಪು ಕಲಸಿ. ಮನೆ ಆರ್‌ಓಗಳಲ್ಲಿ ರುಚಿಗೆ ಅಂತ ಖನಿಜ ಮತ್ತೆ ಸೇರಿಸೋ ವ್ಯವಸ್ಥೆ ಇರುತ್ತೆ, ಟಿಡಿಎಸ್ ಮೀಟರ್ ಹಿಡಿದು ನೋಡಿ.

ಏಪ್ರಿಲ್, ಮೇನಲ್ಲಿ ಟ್ಯಾಂಕ್ ಕಾಯುತ್ತೆ. ಚಿಲ್ಲರ್ ಕೊಳ್ಳೋ ದುಡ್ಡು ನಮಗೆಲ್ಲಿ? ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿ. ಅರ್ಧ ಲೀಟರ್ ಆವಿಯಾಗೋಕೆ ಸುಮಾರು 1200 ಕಿಲೋಜೂಲ್ ಶಾಖ ಬೇಕು. 50 ಲೀಟರ್ ನೀರು ಒಂದು ಡಿಗ್ರಿ ಇಳಿಯೋಕೆ 210 ಕಿಲೋಜೂಲ್ ಹೋಗಬೇಕು. ಕಾಗದದ ಮೇಲೆ ಐದು ಡಿಗ್ರಿಗೂ ಹೆಚ್ಚು ಇಳೀಬೇಕು. ಹೊರಗಿನ ಶಾಖ ಒಳಗೆ ಬರ್ತಾನೇ ಇರೋದ್ರಿಂದ ನನಗೆ ಸಿಕ್ಕಿದ್ದು ಎರಡು ಮೂರು ಡಿಗ್ರಿ. ಆವಿಯಾದಷ್ಟು ಸಿಹಿನೀರನ್ನೇ ತುಂಬಿ, ಯಾಕಂದ್ರೆ ಉಪ್ಪು ಆವಿಯಾಗಲ್ಲ.

ಕರೆಂಟ್ ಹೋದಾಗ ಪಂಪ್ ನಿಲ್ಲುತ್ತೆ. 25 ಡಿಗ್ರಿಯ ಸಮುದ್ರದ ನೀರಲ್ಲಿ ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವೂ ಕರಗಲ್ಲ, ಬಿಸಿಯಾದಷ್ಟೂ ಕಡಿಮೆ. ಮೊದಲು ಉಸಿರುಕಟ್ಟೋದು ನಾವು ಸಾಕಿದ ಬ್ಯಾಕ್ಟೀರಿಯಾಕ್ಕೇ, ಮೀನಿಗೇ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಕೊಳ್ಳಿ.

ಸಿದ್ಧ ಅಂತ ಹೇಳೋದು ಯಾವಾಗ?

ನೀರು ತಿಳಿಯಾಗಿ ಕಂಡರೆ ಸಿದ್ಧ ಅಂತಲ್ಲ, ಅಮೋನಿಯಾ ಕಣ್ಣಿಗೆ ಕಾಣಲ್ಲ. ಟಬ್ಬಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಅಮೋನಿಯಾ ಹಾಕಿ. 24 ಗಂಟೆ ಬಿಟ್ಟು ನೋಡಿದಾಗ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಇರಬೇಕು. ಎರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ಎರಡು ಸಲವೂ ಪಾಸಾದರೆ ದೊಡ್ಡ ಪಾಲು ನೀರು ಬದಲಿಸಿ, ಕಲ್ಲನ್ನು ಟ್ಯಾಂಕಿಗೆ ಜೋಡಿಸಿ, ಮೊದಲು ಒಂದೇ ಮೀನು ಬಿಡಿ.

ಎರಡನೇ ಸಲ ನಾನು 41 ದಿನ ಕಾದೆ. ನಡುವೆ ಒಂದು ಇಂಟರ್ನಲ್ಸ್ ಬಂದು ಹೋಯ್ತು. ಮನೆಗೆ ಬಂದವರೆಲ್ಲ "ಏನಿದು, ಬರೀ ಕಲ್ಲು ಸಾಕಿದೀಯಾ?" ಅಂತ ನಕ್ಕರು. ಹೌದು, ಅಷ್ಟು ದಿನ ಸಾಕಿದ್ದು ಕಲ್ಲನ್ನೇ. ಈಗ ಮೀನನ್ನು ಆ ಕಲ್ಲು ಸಾಕ್ತಿದೆ.

ನಿಮಗೊಂದು ಲೆಕ್ಕ: 20 ಲೀಟರ್ ಬಕೆಟ್‌ಗೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಬರೋಕೆ ಅಮೋನಿಯಂ ಕ್ಲೋರೈಡ್ ಎಷ್ಟು ಬೇಕು? ಅಮೋನಿಯಾದ ಅಣುತೂಕ 17, ಅಮೋನಿಯಂ ಕ್ಲೋರೈಡ್‌ನದು 53.5. ಉತ್ತರ 126 ಮಿಲಿಗ್ರಾಂ ಹತ್ತಿರ ಬಂದರೆ ನೀವೂ ಬಕೆಟ್ ತಗೊಂಡು ಹರಿಹರದ ಬಸ್ ಹತ್ತಬಹುದು.